ಏಳನೆಯ ಚರಣ

ಮೂರೂವರೆಗೆ ಎದ್ದು, ರಾತ್ರಿ ಕಲಸಿಟ್ಟ ಹಿಟ್ಟನ್ನು ಇನ್ನೊಮ್ಮೆ ನಾದಿ ಅರವತ್ತು ಉಂಡೆ ಕಟ್ಟಬೇಕು. ಅವು ಉಬ್ಬುವಷ್ಟರಲ್ಲಿ ನಡುಮನೆಯ ಮೇಜಿಗೆ ಪಕ್ಕದ ಮನೆಯಿಂದ ತಂದ ಎರಡು ಮೇಜು ಜೋಡಿಸಿ, ಬಿಳಿ ಬಟ್ಟೆ ಇಸ್ತ್ರಿ ಮಾಡಿ ಹಾಸಬೇಕು. ಬೆಣ್ಣೆ ಹೊರಗಿಡಬೇಕು, ಇಲ್ಲದಿದ್ದರೆ ಕಲ್ಲಾಗಿರುತ್ತದೆ. ಉಬ್ಬಿದ ಉಂಡೆಗಳನ್ನು ಬೇಯಿಸಿ ರೊಟ್ಟಿ ಮಾಡಬೇಕು. ಚೀಸ್ ತೆಳ್ಳಗೆ ಹೆರೆಯಬೇಕು. ಐದು ಫ್ಲಾಸ್ಕಿಗೆ ಕಾಫಿ ಸೋಸಬೇಕು. ಕಹಿಮದ್ಯಕ್ಕೆ ನಲವತ್ತು ಪುಟ್ಟ ಗ್ಲಾಸುಗಳನ್ನು ಒರೆಸಿಡಬೇಕು. ಕಕ್ಕಸು ತಿಕ್ಕಬೇಕು, ಬಾಗಿಲ ಬಳಿಯ ಮರಳು ಗುಡಿಸಬೇಕು, ವೆರ್ನರ್‌ನ ಬೂಟಿಗೆ ಪಾಲಿಶ್ ಹಾಕಬೇಕು. ಇಷ್ಟೂ ಆದ ಮೇಲೆ ಎಲ್ಲಕ್ಕಿಂತ ಕಷ್ಟದ ಕೆಲಸ. ಏಪ್ರನ್ ಬಿಚ್ಚಿ, ಉಗುರಿನ ಸಂದಿಯ ಹಿಟ್ಟು ತೊಳೆದು, ಹೊಸ ರಾತ್ರಿಯಂಗಿ ತೊಟ್ಟು, ತಲೆಗೂದಲು ಕೆದರಿಕೊಂಡು, ಗಂಡನ ಪಕ್ಕ ಮಲಗಿ ನಿದ್ದೆ ಹೋದವಳಂತೆ ಕಣ್ಣು ಮುಚ್ಚಬೇಕು.

ಹೆರ್ಡಿಸ್ ಇದೆಲ್ಲವನ್ನೂ ಆರೂವರೆಯೊಳಗೆ ಮಾಡಿ ಮುಗಿಸಿದಳು.

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ ಲೇಸೊ ದ್ವೀಪದ ಎಲ್ಲ ಮನೆಗಳಲ್ಲೂ ನಡೆಯುವುದು ಇದೇ. ಹಿಂದಿನ ಸಂಜೆ ನೆರೆಯವರು ಬಂದು ಮುಂಬಾಗಿಲಿಗೆ ಫರ್ ಮರದ ಸೊಪ್ಪಿನ ಕಮಾನು ಕಟ್ಟುತ್ತಾರೆ, ಮೇಲೆ ಬೆಳ್ಳಿ ಬಣ್ಣದ 25 ತೂಗುಹಾಕುತ್ತಾರೆ. ಬೆಳಗಾಗುವ ಮೊದಲೇ ಬಂಧುಬಳಗ, ಊರವರು ಕಮಾನಿನ ಮುಂದೆ ನಿಂತು ಹಾಡಿ ದಂಪತಿಯನ್ನು ಎಬ್ಬಿಸುತ್ತಾರೆ. ದಂಪತಿಗೆ ಏನೇನೂ ಗೊತ್ತಿರಬಾರದು. ನಿನ್ನೆ ಕಮಾನಿಗೆ ಮೊಳೆ ಹೊಡೆದ ಹನ್ನೊಂದು ಜನಕ್ಕೂ ಹೆರ್ಡಿಸಳೇ ಕಾಫಿ ಕೊಟ್ಟಿದ್ದಳು. ಆದರೂ ಅವಳಿಗೆ ಗೊತ್ತಿರಬಾರದು.

ವೆರ್ನರ್ ನಿಜವಾಗಿಯೂ ನಿದ್ದೆಯಲ್ಲಿದ್ದ. ಅವಳು ಅವನ ಭುಜ ಅಲುಗಿಸಿದಳು.

"ಅಲ್ಮಾಗೆ ಹೇಳಿದ್ಯಾ?"

"ಏನು?"

"ಆ ಚರಣ. ಅದೊಂದು ಬೇಡ ಅಂದಿದ್ದೆನಲ್ಲ."

"ಹೇಳಿದೀನಿ ಕಣೆ. ಹತ್ತು ಸಲ ಕೇಳ್ತೀಯ. ಮಲಕ್ಕೋ, ಬರ್ತಾರೆ ಈಗ."

ಅವಳು ಕಣ್ಣು ಮುಚ್ಚಿದಳು. ಅಲ್ಮಾ ವೆರ್ನರ್‌ನ ಅಕ್ಕ. ಆ ಮನೆತನದ ಹಬ್ಬಗಳಿಗೆಲ್ಲ ಹಾಡು ಬರೆಯುವವಳು ಅವಳೇ. ಎಲ್ಲರಿಗೂ ಗೊತ್ತಿರುವ ಧಾಟಿಗೆ ಮನೆಯವರ ತಮಾಷೆಗಳನ್ನು ಪೋಣಿಸಿ, ಅಚ್ಚು ಹಾಕಿಸಿ, ಕೈಕೈಗೂ ಹಂಚುತ್ತಾಳೆ. ಯಾರ ಬಗ್ಗೆ ಹಾಡೋ ಅವರೂ ಹಾಳೆ ಹಿಡಿದು ಹಾಡಬೇಕು, ನಗಬೇಕು. ನಗದವರನ್ನು ಮುಂದಿನ ಹಾಡು ವಿಚಾರಿಸಿಕೊಳ್ಳುತ್ತದೆ.

ಹೆರ್ಡಿಸಳ ಪಾಲಿನ ತಮಾಷೆ ಒಂದೇ ಒಂದು. ಹದಿನೆಂಟು ವರ್ಷದಿಂದ ಸವೆದಿಲ್ಲ.

ಅದು ಹೀಗೆ: ಒಂದು ಫೆಬ್ರವರಿಯಲ್ಲಿ ಅವಳು ಪೆಟ್ಟಿಗೆ ಹಿಡಿದು ಗಂಡನನ್ನು ಬಿಟ್ಟು ಬೆಳಗಿನ ಹಡಗು ಹತ್ತಿದಳು. ಆಚೆ ದಡ ಮುಟ್ಟುತ್ತಲೇ ಒಲೆಯ ಮೇಲೆ ಹಂದಿಮಾಂಸ ಬೇಯಲು ಇಟ್ಟದ್ದು ನೆನಪಾಯಿತು. ಸಂಜೆಯ ಹಡಗಿಗೆ ವಾಪಸು ಬಂದಳು! ಬಂದರಿನ ಹೋಟೆಲಿನಲ್ಲಿ ವೆರ್ನರ್ ಇದನ್ನು ಮೊದಲ ಸಲ ಹೇಳಿದಾಗ ಮೀನುಗಾರರು ಮೇಜು ಗುದ್ದಿ ನಕ್ಕಿದ್ದರಂತೆ.

ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಚಿಕ್ಕ ಉಣ್ಣೆಯ ಹೊದಿಕೆ, ಅಷ್ಟೆ. ಹಿಂದಿನ ವರ್ಷ ಆಚೆ ದಡದ ಆಸ್ಪತ್ರೆಯಲ್ಲಿ ಅವಳಿಗೆ ಎರಡನೆಯ ಮಗು ಸತ್ತು ಹುಟ್ಟಿತ್ತು. ಬಟ್ಟೆಯಲ್ಲಿ ಸುತ್ತಿ ಒಯ್ದರು. ಗಂಡೋ ಹೆಣ್ಣೋ ಅಂತಲೂ ಹೇಳಲಿಲ್ಲ. ನೋಡದಿದ್ದರೆ ಬೇಗ ಮರೆತುಹೋಗುತ್ತೆ ಅಂದರು. ವೆರ್ನರ್ ಮೂರನೆಯ ದಿನ ಕರೆದುಕೊಂಡು ಬಂದ. ನಾಲ್ಕನೆಯ ದಿನ ಅವಳು ಅವನ ಬಲೆ ತೊಳೆದಳು. ವರ್ಷ ಕಳೆದರೂ ಮರೆಯದಿದ್ದಾಗ, ಮಗುವನ್ನು ಎಲ್ಲಿಟ್ಟಿದ್ದಾರೆ ಅಂತ ಕೇಳಲು ಅವಳು ಆ ದಿನ ಹೋದದ್ದು. ಸ್ಮಶಾನದ ಮುದುಕ ಟೋಪಿ ತೆಗೆದು ಹೇಳಿದ: "ಅಂಥ ಕೂಸುಗಳನ್ನ ಯಾರೋ ದಿಕ್ಕಿಲ್ಲದೋರ ಹೆಣದ ಪೆಟ್ಟಿಗೇಲಿ, ಅವರ ಕಾಲ ಹತ್ರ ಇಟ್ಟು ಹೂಳ್ತೀವಮ್ಮ. ಈ ಹುಲ್ಲಿನ ಕೆಳಗೇ ಎಲ್ಲೋ ಇರುತ್ತೆ. ಬರೆದಿಟ್ಟಿಲ್ಲ." ಹೆಸರಿಲ್ಲದವರ ಹುಲ್ಲುಹಾಸು ಅದು, ಕಲ್ಲಿಲ್ಲ, ಗುರುತಿಲ್ಲ. ಹೊದಿಕೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಡಗಿನ ಹೊತ್ತಿನ ತನಕ ಅದರ ಅಂಚಿನಲ್ಲೇ ನಿಂತಿದ್ದಳು.

ಮನೆಗೆ ಬಂದಾಗ ಒಲೆಯ ಮೇಲೆ ಪಾತ್ರೆ ತಳ ಹತ್ತಿ ಕರಕಲಾಗಿತ್ತು. ವೆರ್ನರ್ ಪಾತ್ರೆ ನೋಡಿದ, ಪೆಟ್ಟಿಗೆ ನೋಡಿದ. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಎರಡು ವರ್ಷದ ಹಿಂದೆ ಅವಳು ಆ ಸ್ಮಶಾನದ ಚರ್ಚಿಗೆ ಗುಟ್ಟಾಗಿ ಕಾಗದ ಬರೆದು ಒಂದು ಅರ್ಜಿ ತರಿಸಿಕೊಂಡಿದ್ದಳು. ತಾನು ಸತ್ತ ಮೇಲೆ ಆ ಹುಲ್ಲಿನ ಕೆಳಗೇ, ಹೆಸರಿಲ್ಲದೆ ಇಡಿ ಎಂಬ ಅರ್ಜಿ. ಇಲ್ಲಿಯ ಚರ್ಚಿನ ಅಂಗಳದಲ್ಲಿ, ಅತ್ತೆ ಮಾವನ ಪಕ್ಕ, ತಮ್ಮಿಬ್ಬರಿಗೂ ವೆರ್ನರ್ ಜಾಗ ಹಿಡಿದಿಟ್ಟಿದ್ದ. ಅರ್ಜಿ ತುಂಬಿ, ಲಕೋಟೆಗೆ ಅಂಚೆಚೀಟಿಯನ್ನೂ ಅಂಟಿಸಿ, ಸಹಿಯೊಂದನ್ನು ಬಿಟ್ಟು ಅಡುಗೆ ಪುಸ್ತಕದೊಳಗೆ ಇಟ್ಟಿದ್ದಳು. ಆ ಮನೆಯಲ್ಲಿ ಅವಳದಲ್ಲದೆ ಬೇರೆ ಕೈ ತಾಗದ ವಸ್ತು ಆ ಪುಸ್ತಕವೊಂದೇ. ಒಂದು ದಿನ ಅವನು ಕೇಳಿದರೆ, ಬರೀ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರೂ ಸಾಕು, ಅವನ ಪಕ್ಕದಲ್ಲೇ ಮಲಗಬಹುದು ಎಂದುಕೊಂಡಿದ್ದಳು. ಕೇಳದಿದ್ದರೆ ಹೋಗಲಿ, ಇವತ್ತಿನ ಹಾಡಿನಿಂದ ಆ ಚರಣವೊಂದನ್ನು ಬಿಡಿಸಲಿ, ಅಷ್ಟಾದರೂ ಸಾಕು.

ಹೊರಗೆ ತುತ್ತೂರಿ ಮೊಳಗಿತು. ಹಾಡು ಶುರುವಾಯಿತು. ದಂಪತಿ ಕಣ್ಣುಜ್ಜಿಕೊಳ್ಳುತ್ತಾ ಕಮಾನಿನ ಕೆಳಗೆ ಬಂದು ಬೆರಗಾದರು.

"ಪಾಪ, ಎಬ್ಬಿಸಿಬಿಟ್ವಿ!" ಎಂದ ಪಕ್ಕದ ಮನೆಯ ಕ್ರೆಸ್ತೆನ್, ಮೂಗರಳಿಸಿ. "ಮಲಗಿದ್ದವರ ಮನೇಲಿ ರೊಟ್ಟಿ ತಾನೇ ಎದ್ದು ತಾನೇ ಬೇಯುತ್ತೆ ನೋಡ್ರಪ್ಪ!"

"ನನ್ನ ಹೆಂಡತಿ ನಿದ್ದೇಲೂ ಬೇಯಿಸ್ತಾಳೆ," ಎಂದ ವೆರ್ನರ್. ಎಲ್ಲರೂ ನಕ್ಕರು.

ಮೂವತ್ತೆಂಟು ಜನ ಒಳಗೆ ಬಂದರು. ಹೆರ್ಡಿಸ್ ರಾತ್ರಿಯಂಗಿಯ ಮೇಲೇ ಏಪ್ರನ್ ಕಟ್ಟಿದಳು. ಇಪ್ಪತ್ತಮೂರರ ಮಗಳು ಲಿಸ್ಬೆತ್, "ಅಮ್ಮಾ, ಇವತ್ತಾದ್ರೂ ಕೂತ್ಕೋ," ಎಂದಳು. ಎಂದು ತಾನು ಕೂತಳು. ಈ ಮನೆಯ ಭಾಷಣಗಳನ್ನೆಲ್ಲ ಹೆರ್ಡಿಸ್ ಕೇಳಿದ್ದು ಅಡುಗೆಮನೆಯ ಬಾಗಿಲ ಸಂದಿಯಿಂದ, ಅದೂ ಅರ್ಧರ್ಧ.

ಅಲ್ಮಾ ಹಾಳೆ ಹಂಚಿದಳು. ಹದಿನಾಲ್ಕು ಚರಣ. ಹೆರ್ಡಿಸ್ ಕಾಫಿ ಬಗ್ಗಿಸುತ್ತಲೇ ಕ್ರೆಸ್ತೆನ್‌ನ ಹೆಗಲ ಮೇಲಿಂದ ಇಣುಕಿದಳು. ಏಳನೆಯದರಲ್ಲಿ ಕಣ್ಣು ನಿಂತಿತು. ಎಲ್ಲರಿಗೂ ಬಗ್ಗಿಸಿ ಫ್ಲಾಸ್ಕ್ ಕೆಳಗಿಡುವಷ್ಟರಲ್ಲಿ ಹಾಡು ಅಲ್ಲಿಗೇ ಬಂತು.

*ಗಂಡನ ಬಿಟ್ಟಳು, ಹಡಗನು ಹತ್ತಿದಳು, ತಿರುಗಿಯೂ ನೋಡಲಿಲ್ಲ;*
*ಒಲೆಮೇಲಿನ ಪಾತ್ರೆ ಕೈಬೀಸಿ ಕರೆಯಲು ಆ ದಡದಿ ನಿಲ್ಲಲಿಲ್ಲ!*

ಹೊಟ್ಟೆ ಹಿಡಿದುಕೊಂಡು ನಕ್ಕರು. ಲಿಸ್ಬೆತ್ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು; ಅವಳಿಗೇನು ಗೊತ್ತು, ಆಗ ಐದು ವರ್ಷದ ಕೂಸು. "ಇನ್ನೊಂದ್ಸಲ! ಪಾತ್ರೇದು ಇನ್ನೊಂದ್ಸಲ!" ಎಂದು ಯಾರೋ ಕೂಗಿದರು. ಇನ್ನೊಂದು ಸಲ ಹಾಡಿದರು. ಹೆರ್ಡಿಸಳ ತುಟಿಯೂ ಆಡುತ್ತಿತ್ತು.

ಹದಿನಾಲ್ಕೂ ಮುಗಿದ ಮೇಲೆ ಅಲ್ಮಾ ಖಾಲಿ ತಟ್ಟೆ ಹಿಡಿದು ಅಡುಗೆಮನೆಗೆ ಬಂದಳು.

"ಹೆಂಗಿತ್ತೇ ಮದುಮಗಳೇ ಹಾಡು?"

"ಏಳನೇದು ಬೇಡ ಅಂತ ವೆರ್ನರ್ ನಿನಗೆ ಹೇಳ್ಲಿಲ್ವಾ?"

"ಬೇಡ ಅಂತಲಾ?" ಅಲ್ಮಾ ನಕ್ಕಳು. "ಮೊನ್ನೆ ಫೋನ್ ಮಾಡಿ ಅವನೇ ಹೇಳಿದ್ದು ಕಣೆ, ಪಾತ್ರೇದು ಮಾತ್ರ ಬಿಡ್ಬೇಡ ಅಕ್ಕಾ, ಅದಿಲ್ದೆ ಹಾಡಿಗೆ ಉಪ್ಪೇ ಇಲ್ಲ ಅಂತ. ಯಾಕೆ, ಬೇಜಾರಾಯ್ತಾ? ತಮಾಷೆಗಲ್ವೇನೆ!"

"ಇಲ್ಲ," ಎಂದಳು ಹೆರ್ಡಿಸ್. "ತಟ್ಟೆ ಅಲ್ಲಿಡು. ಇನ್ನೂ ಇಪ್ಪತ್ತು ರೊಟ್ಟಿ ಇದೆ, ತಗೊಂಡು ಹೋಗು."

ಅಲ್ಮಾ ರೊಟ್ಟಿ ಎತ್ತಿಕೊಂಡು ಹೋದಳು. ಒಳಗೆ ಚಮಚಗಳಿಂದ ಗ್ಲಾಸು ಬಡಿಯಲು ಶುರುಮಾಡಿದರು. ಅದು ಕೇಳಿದರೆ ಗಂಡಹೆಂಡತಿ ಕುರ್ಚಿಯ ಮೇಲೆ ಹತ್ತಿ ಮುತ್ತು ಕೊಡಬೇಕು. ಕೊಡುವವರೆಗೂ ಬಡಿತ ನಿಲ್ಲುವುದಿಲ್ಲ.

"ಹೆರ್ಡಿಸ್!" ವೆರ್ನರ್‌ನ ಗಂಟಲು. "ಬಾರೇ, ಕುರ್ಚಿ ಹತ್ತಿ ಆಯ್ತು ನಾನು!"

"ಪಾತ್ರೆ ತಳ ಹತ್ತಿರಬೇಕು!" ಎಂದು ಕ್ರೆಸ್ತೆನ್ ಕೂಗಿದ. ಮನೆ ಹಾರಿಹೋಗುವಂತೆ ನಕ್ಕರು.

ಅವಳು ಗುಂಡಿಗಳನ್ನು ಒಂದೊಂದಾಗಿ ತಿರುಗಿಸಿ ಒಲೆ ಆರಿಸಿದಳು. ನಾಲ್ಕನ್ನೂ ಇನ್ನೊಮ್ಮೆ ಮುಟ್ಟಿ ನೋಡಿದಳು. ಅಡುಗೆ ಪುಸ್ತಕ ತೆಗೆದು, ಕ್ರಿಸ್ಮಸ್ ತಿಂಡಿಗಳ ಪುಟದ ನಡುವಿನಿಂದ ಅರ್ಜಿ ಬಿಡಿಸಿ, ರೊಟ್ಟಿ ಲೆಕ್ಕ ಬರೆಯುವ ಪೆನ್ನಿನಿಂದ ಸಹಿ ಹಾಕಿದಳು. ಮಡಿಸಿ ಲಕೋಟೆಯೊಳಗೆ ಹಾಕಿದಳು. ಲಕೋಟೆಯ ಅಂಟು ನೆಕ್ಕಿ ಮುಚ್ಚಿದಳು.

ಅಂಚೆಡಬ್ಬಿ ರಸ್ತೆಯ ತುದಿಯಲ್ಲಿತ್ತು. ಅಡುಗೆಮನೆಯ ಹಿಂಬಾಗಿಲಿನಿಂದ ಹೋದರೆ ಹತ್ತಿರ. ಅವಳು ಆ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ರಾತ್ರಿಯಂಗಿಯ ಮೇಲೆ ಕೋಟು ತೊಟ್ಟು, ಲಕೋಟೆ ಹಿಡಿದು, ಪಡಸಾಲೆ ದಾಟಿ ಮುಂಬಾಗಿಲು ತೆರೆದಳು. ಇಬ್ಬರು ತೋಳು ಹಿಡಿದು ನಡೆಯುವಷ್ಟು ಅಗಲದ ಕಮಾನು ಅದು. ನಡುವಿನಲ್ಲಿ, ಒಬ್ಬಳೇ, ನಡೆದಳು. ಒಳಗೆ ಚಮಚಗಳು ಇನ್ನೂ ಬಡಿಯುತ್ತಿದ್ದವು.