ಕರಡಿ ಕಥೆಯ ಕಿತ್ತುಹೋದ ಪುಟ

ಸ್ನೇಹಿತರೇ, ಪುಸ್ತಕ ಕೊಟ್ಟು ಕೆಟ್ಟ ನನ್ನ ಪಾಡು ಕೇಳಿ.

ಸಿದ್ಧಾರ್ಥನಗರದ ನಮ್ಮ ಎದುರುಮನೆಯ ಸವಿತಾ, "ನಮ್ ಪುಟ್ಟಿಗೆ ಒಂದೊಳ್ಳೆ ಕಥೆಪುಸ್ತಕ ಹೇಳಿ" ಎಂದು ಪ್ರಾಣ ತಿನ್ನುತ್ತಿದ್ದರು. ನನ್ನ ಮಗ ಓದಿ ಓದಿ ಸವೆಸಿದ ಕರಡಿ ಕಥೆಯನ್ನೇ ಕೊಟ್ಟೆ. ಕರಡಿ ಹಲಸಿನ ಹಣ್ಣು ತಿಂದು ಮಲಗುತ್ತದೆ, ಕಾಡಿನ ಪ್ರಾಣಿಗಳೆಲ್ಲ ಎಬ್ಬಿಸಲು ಹೆಣಗುತ್ತವೆ, ಕೊನೆಗೆ ಅದು ಎದ್ದು ಇನ್ನೊಂದು ಹಣ್ಣು ಕೇಳುತ್ತದೆ. ಅಷ್ಟೇ ಕಥೆ.

ಇವತ್ತು ಬೆಳಿಗ್ಗೆ ಪುಸ್ತಕ ವಾಪಸು ಬಂತು.

"ಬೇಜಾರ್ ಮಾಡ್ಕೋಬೇಡಿ, ಕೊನೇ ಪುಟ ಕಿತ್ತೋಗ್ಬುಟ್ಟಿದೆ. ನೀತಿನೇ ಇಲ್ಲ" ಎಂದರು ಸವಿತಾ.

"ಕಿತ್ತೋಗಿಲ್ಲ ಕಣ್ರೀ, ಕಥೆನೇ ಅಷ್ಟು. ಪುಟ್ಟಿ ಓದಿದ್ಲಾ?"

"ನೀತಿ ಇಲ್ದೇ ಇರೋದನ್ನ ಹೆಂಗೆ ಕೊಡ್ಲಿ? ನಾನು ಕೊನೇ ಪುಟ ನೋಡ್ದೆ, ಎತ್ತಿಟ್ಬುಟ್ಟೆ."

ಒಳಗಿನಿಂದ ಪೆನ್ನು ತಂದು, ಕರಡಿಯ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: "ನೀತಿ: ಕೊನೆಯ ಪುಟ ಮಾತ್ರ ನೋಡಿ ಪುಸ್ತಕ ಮುಚ್ಚಬಾರದು."

ಸವಿತಾ ಎರಡೆರಡು ಸಲ ಓದಿದರು. ಮುಖ ಅರಳಿತು.

"ಈಗ ಸರಿಹೋಯ್ತು ನೋಡಿ. ಎಷ್ಟೊಳ್ಳೆ ನೀತಿ. ಇಷ್ಟನ್ನ ಪುಟ್ಟಿಗೆ ಬಾಯಿಪಾಠ ಮಾಡಿಸ್ಬುಡ್ತೀನಿ. ಕಥೆ ಆಮೇಲೆ ನೋಡ್ಕೊಂಡ್ರಾಯ್ತು."

ಕರಡಿಯಾದರೂ ಕೊನೆಯ ಪುಟದಲ್ಲಿ ಎಚ್ಚರಗೊಳ್ಳುತ್ತದೆ.