ಮಾತಾಡದ ಕೇಬಲ್ಲು

ನಮ್ಮ ಮನೆಯಲ್ಲಿ ಚಾರ್ಜರ್ ಕೇಬಲ್ಲುಗಳಿಗೇನೂ ಕೊರತೆಯಿಲ್ಲ. ಟ್ರಂಕಿನಲ್ಲಿ, ದೇವರ ಜಗಲಿಯ ಪಕ್ಕದಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ, ಎಲ್ಲಿ ಕೈ ಹಾಕಿದರೂ ಒಂದು ಸಿಗುತ್ತದೆ. ಅವುಗಳಲ್ಲಿ ಎರಡು ಜಾತಿ ಇವೆ ಎಂಬುದು ಭೌತಶಾಸ್ತ್ರ ಪಾಠ ಮಾಡುವ ನನಗೆ ಇತ್ತೀಚೆಗಷ್ಟೇ ಗೊತ್ತಾಯಿತು. ಒಂದು ಜಾತಿ ಕರೆಂಟನ್ನೂ ಒಯ್ಯುತ್ತದೆ, ಮಾತನ್ನೂ ಒಯ್ಯುತ್ತದೆ. ಇನ್ನೊಂದು ಬರೀ ಕರೆಂಟು ಒಯ್ಯುತ್ತದೆ. ಮಾತಿನ ತಂತಿಯನ್ನು ಅದರೊಳಗೆ ಹಾಕಿರುವುದೇ ಇಲ್ಲ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ ತರಹದ ಸಭ್ಯರು. ಇದನ್ನು ಕಂಡುಹಿಡಿಯಲು ನನಗೆ ಇಡೀ ರವಿವಾರ ಬೇಕಾಯಿತು. ಅಂದು ಕಂಪ್ಯೂಟರನ್ನು ಬೈದೆ, ಮಾರಿದವನನ್ನು ಬೈದೆ, ವಿಡಿಯೋದಲ್ಲಿ ನಗುನಗುತ್ತ ಪಾಠ ಹೇಳಿದವನನ್ನೂ ಬೈದೆ. ತಪ್ಪಿತಸ್ಥ ಕೇಬಲ್ಲು ಮಾತ್ರ ಮೇಜಿನ ಮೇಲೆ ನಿಶ್ಚಿಂತೆಯಿಂದ ಮಲಗಿತ್ತು.

ನಾನು ಈ ಉಸಾಬರಿಗೆ ಬಿದ್ದದ್ದು ಅತ್ತೆಯವರ ದೆಸೆಯಿಂದ. ನಮ್ಮದು ಬನಹಟ್ಟಿ. ಮನೆಯ ಹಿಂಬದಿಯ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ನಡೆಸುವವಳು ನನ್ನ ಹೆಂಡತಿ ಮಹಾದೇವಿ. ಮಗ್ಗ ನಡೆಯುವಾಗ ಬಾಗಿಲು ಬಡಿದದ್ದು, ಬೆಲ್ ಒತ್ತಿದ್ದು, ಫೋನು ಹೊಡಕೊಂಡದ್ದು ಯಾವುದೂ ಒಳಗೆ ಕೇಳುವುದಿಲ್ಲ. ಹೋದ ತಿಂಗಳು ಅತ್ತೆ ಗೌರವ್ವ ಮಹಾಲಿಂಗಪುರದಿಂದ ಬೆಲ್ಲದ ಪೆಂಟಿ ಹೊತ್ತುಕೊಂಡು ಬಂದರು. ನಾನು ಜಮಖಂಡಿಯ ಕಾಲೇಜಿನಲ್ಲಿದ್ದೆ. ಅವರು ಬಾಗಿಲು ಬಡಿದರು, ಬೆಲ್ ಒತ್ತಿದರು, ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತರು. ಕೊನೆಗೆ ಬೆಲ್ಲವನ್ನು ಹೊಸ್ತಿಲ ಬದಿಗಿಟ್ಟು ಬಸ್ಸು ಹತ್ತಿ ಹೋಗಿಬಿಟ್ಟರು. ಸಂಜೆ ಬಾಗಿಲು ತೆರೆದ ಮಹಾದೇವಿಗೆ ಸಿಕ್ಕದ್ದು ಬೆಲ್ಲ ಮತ್ತು ಇರುವೆ.

ಮಹಾದೇವಿ ಫೋನು ಮಾಡಿದರೆ ಅತ್ತೆ ಮಗಳಿಗೆ, “ನಿಮ್ಮ ಮಗ್ಗ ನಿಂತಾಗ ಹೇಳು ತಂಗಿ, ಆವಾಗ ಬರ್ತೇನಿ” ಎಂದು ಇಟ್ಟುಬಿಟ್ಟರು.

“ಅವ್ವ ನನ್ನ ಬಾಗಲಾ ಮಟಾ ಬಂದು ಹೊಳ್ಳಿ ಹೋದ್ಲು” ಎಂದು ಮಹಾದೇವಿ ಅತ್ತಳು. ಆ ಬೆಲ್ಲವನ್ನು ಚಹಾಕ್ಕೂ ಹಾಕಲಿಲ್ಲ, ಡಬ್ಬಿಗೂ ತುಂಬಲಿಲ್ಲ. ನೋಡಿ ನನಗೂ ಸಂಕಟವಾಯಿತು.

ಇಂಥ ಹೊತ್ತಿನಲ್ಲಿ ತಿಳಿದವರು ಯಾರಾದರೂ ಅತ್ತೆಯ ಮನೆಗೆ ಹೋಗಿ ಸಮಾಧಾನ ಮಾಡಿ ಕರೆತರುತ್ತಾರೆ. ನಾನು ಓದಿದವನು, ಹಾಗಾಗಿ ಆನ್‌ಲೈನಿನಲ್ಲಿ ಮೈಕ್ರೋಕಂಟ್ರೋಲರ್ ಬೋರ್ಡು ಎಂಬ, ಹೇಳಿಕೊಟ್ಟಂತೆ ದೀಪ ಹಚ್ಚುವ ಪುಟ್ಟ ಯಂತ್ರ ತರಿಸಿದೆ. ಬೀದಿ ಬಾಗಿಲಲ್ಲಿ ಗುಂಡಿ ಒತ್ತಿದರೆ ಶೆಡ್ಡಿನಲ್ಲಿ ಕೆಂಪು ದೀಪ ಮಿನುಗಬೇಕು, ಇದು ಯೋಜನೆ. ಬೆಲ್ಲಿನ ತಂತಿಗೇ ಒಂದು ಬಲ್ಬು ಸಿಕ್ಕಿಸಿದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ.

ಆ ಬೋರ್ಡು ಊದಿದರೆ ಹಾರುವಷ್ಟಿತ್ತು, ಆದರೆ ಗತ್ತು ದೊಡ್ಡದು. ಏನು ಮಾಡಬೇಕೆಂದು ಅದಕ್ಕೆ ಕಂಪ್ಯೂಟರಿನಿಂದ ಹೇಳಿಕೊಡಬೇಕು, ಆದರೆ ಕಂಪ್ಯೂಟರಿನ ಜೊತೆ ಅದು ನೇರವಾಗಿ ಮಾತಾಡುವುದಿಲ್ಲವಂತೆ. ನಡುವೆ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಎಂಬ ದುಭಾಷಿ ಬೇಕು. ಆ ಮಾತಾಡದ ಕೇಬಲ್ಲನ್ನು ಮೊದಲು ಸಿಕ್ಕಿಸಿದ್ದು ಇದಕ್ಕೇ. ಈ ದುಭಾಷಿಗೆ ಟಿಎಕ್ಸ್ ಎಂಬ ಹೇಳುವ ಕಾಲು, ಆರ್‌ಎಕ್ಸ್ ಎಂಬ ಕೇಳುವ ಕಾಲು. ಬೋರ್ಡಿಗೂ ಅವೇ ಎರಡು. ನಾನೋ ನೇಕಾರರ ಮನೆಯಲ್ಲಿ ಹುಟ್ಟಿದವನು. ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದನೆಯ ಎಳೆಗಳು, ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸುತ್ತ ಬೆಳೆದ ಕೈ. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ, ಅಂಚಿಗೆ ಅಂಚು. ಎಳೆ ಅಡ್ಡಾದರೆ ಸೀರೆ ಕೆಟ್ಟಿತು. ಅದೇ ಶಿಸ್ತಿನಿಂದ ಟಿಎಕ್ಸ್‌ಗೆ ಟಿಎಕ್ಸ್, ಆರ್‌ಎಕ್ಸ್‌ಗೆ ಆರ್‌ಎಕ್ಸ್ ಕೂಡಿಸಿ ಕೈ ಒರೆಸಿಕೊಂಡೆ. ಬೋರ್ಡು ಗಪ್‌ಚಿಪ್.

ವಿಷಯ ಇಷ್ಟೇ: ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಬೇಕು, ತಂತಿ ಅಡ್ಡ ಹಾಯಬೇಕು. ನಾನು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ದೆ. ನಮ್ಮ ಕಾಲೇಜಿನ ಸಿಬ್ಬಂದಿ ಸಭೆ ಇಷ್ಟು ವರ್ಷ ಇದೇ ವೈರಿಂಗಿನಲ್ಲಿ ನಡೆದಿದೆ. ಅಲ್ಲೇ ನನಗೆ ಹೊಳೆಯಬೇಕಿತ್ತು.

ಆಮೇಲೆ ಊಟದ ಪ್ರಶ್ನೆ. ಅಡಾಪ್ಟರು ಐದು ವೋಲ್ಟನ್ನೂ ಕೊಡುತ್ತದೆ, ಮೂರು ಚಿಲ್ಲರೆಯನ್ನೂ ಕೊಡುತ್ತದೆ. ಬೋರ್ಡಿಗೆ ಜೀರ್ಣವಾಗುವುದು ಮೂರು ಚಿಲ್ಲರೆಯಷ್ಟೇ. ನಮ್ಮ ಕಡೆ ಬೀಗರು ಸಾಕು ಎಂದು ಕೈ ಅಡ್ಡ ಹಿಡಿದ ಮೇಲೆ ಇನ್ನೊಂದು ಹೋಳಿಗೆ ಬೀಳದಿದ್ದರೆ ಅದು ಅವಮಾನ. ನಾನು ಧಾರಾಳವಾಗಿ ಐದು ಬಡಿಸಿದೆ. ಬೋರ್ಡು ಸಣ್ಣಗೆ ಹೊಗೆ ಬಿಟ್ಟು ತೀರಿಕೊಂಡಿತು.

“ಏನೋ ಸುಟ್ಟ ವಾಸನಿ ಬರಾಕತ್ತೈತಲ್ರಿ” ಎಂದು ಮಹಾದೇವಿ ಬಂದಳು.

“ಪ್ರಯೋಗ ನಡದೈತಿ.”

ಅವಳು ಬೋರ್ಡನ್ನೂ ನೋಡಿದಳು, ನನ್ನನ್ನೂ ನೋಡಿದಳು. “ನನ್ನವ್ವ ಈ ಮನಿಗೆ ಮತ್ತ ಬರ್ತಾಳೇನ್ರಿ?” ಎಂದಳು. ನಾನು ಫೋನು ತೆಗೆದು ಇನ್ನೊಂದು ಬೋರ್ಡು ತರಿಸಿದೆ.

ಎರಡನೆಯ ಬೋರ್ಡಿಗೆ ಪಥ್ಯ ಪಾಲಿಸಿದೆ. ಆದರೆ ದೀಪ ಹತ್ತಿದೊಡನೆ ಅದಕ್ಕೆ ತಲೆಸುತ್ತು. ದುಭಾಷಿ ಬಡಿಸುವ ಅಂಬಲಿ ಸಾಲುತ್ತಿರಲಿಲ್ಲ. ಬೋರ್ಡಿಗೆ ಬೇರೆ ಊಟದ ವ್ಯವಸ್ಥೆ ಮಾಡಿ, ಗ್ರೌಂಡ್ ತಂತಿಯನ್ನಷ್ಟೇ ಇಬ್ಬರಿಗೂ ಒಂದೇ ಮಾಡಿದೆ. ಆಗ ದೀಪ ಮಿನುಗಿತು. ಮಹಾದೇವಿ ತಕ್ಷಣ ಫೋನು ಮಾಡಿದಳು: “ಬೇ ಅವ್ವಾ, ಮಗ್ಗ ನಡದಾಗನ ಬಾ. ನಿನಗಂತನ ದೀಪಾ ಮಾಡ್ಯಾರ.”

ಅತ್ತೆ ಬಂದರು. ಅಂದು ನಾನು ಮನೆಯಲ್ಲೇ ಇದ್ದೆ. ಆದರೆ ನಾನು ಬಾಗಿಲು ತೆಗೆದರೆ ಪ್ರಯೋಗ ಕೆಡುತ್ತದೆಂದು ಒಳಗೆ ಅಡಗಿ ಕೂತಿದ್ದೆ. ಗುಂಡಿ ಒತ್ತಿದರು. ದೀಪ ಮಿನುಗಿತು. ಮಹಾದೇವಿ ನಾಲ್ಕೂ ಮಗ್ಗಗಳನ್ನು ಒಮ್ಮೆಲೇ ನಿಲ್ಲಿಸಿ ಓಡಿದಳು.

ನಾನು ಲೆಕ್ಕಕ್ಕೆ ಹಿಡಿಯದ ಸಂಗತಿ ಒಂದಿತ್ತು. ನಮ್ಮ ಓಣಿಯಲ್ಲಿ ಮಟಮಟ ಮಧ್ಯಾಹ್ನ ಮಗ್ಗ ನಿಂತರೆ ಒಂದೋ ಕರೆಂಟು ಹೋಗಿರಬೇಕು, ಇಲ್ಲವೇ ಮನೆಯಲ್ಲಿ ಯಾರೋ ಹೋಗಿರಬೇಕು. ಉಳಿದವರ ಮನೆಯಲ್ಲಿ ಕರೆಂಟು ಇತ್ತು. ಗೋಡೆಯಾಚೆಯ ಮಗ್ಗವೂ ನಿಂತಿತು, ಅದರಾಚೆಯದೂ ನಿಂತಿತು, ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದರು.

“ಏನಾತ್ರಿ? ಯಾರಿಗೇನಾತು?”

“ಏನಿಲ್ರಿ, ನಮ್ಮವ್ವ ಬಂದಾಳ” ಎಂದಳು ಮಹಾದೇವಿ, ಕಣ್ಣು ಒರೆಸಿಕೊಳ್ಳುತ್ತ. ಹಿಂದಿನ ಸಲ ಇರುವೆಗಳಷ್ಟೇ ಬರಮಾಡಿಕೊಂಡಿದ್ದ ಅತ್ತೆಗೆ ಈ ಸಲ ಇಡೀ ಓಣಿಯೇ ಮಗ್ಗ ನಿಲ್ಲಿಸಿ ಎದುರು ಬಂದಿತ್ತು. ಅವರ ಮುಖ ಅರಳಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

ಓಣಿಯವರು ಚದುರಿದ ಮೇಲೆ ತಾಯಿ ಮಗಳು ಕಟ್ಟೆಯ ಮೇಲೆ ಕೂತರು. ಇಬ್ಬರೂ ಒಟ್ಟಿಗೇ ಮಾತಿಗೆ ತೊಡಗಿದರು, ಇಬ್ಬರೂ ನಿಲ್ಲಿಸಲಿಲ್ಲ. ಬಾಯಿಗೆ ಬಾಯಿ, ನಾನು ಮೊದಲು ಮಾಡಿದ್ದ ತಪ್ಪು ವೈರಿಂಗೇ. ಆದರೂ ತಾಯಿಯ ಮೊಣಕಾಲು ನೋವು ಮಗಳಿಗೆ ಮುಟ್ಟಿತು, ಮಗಳ ಅಳು ತಾಯಿಗೆ ಮುಟ್ಟಿತು, ಒಂದಕ್ಷರವೂ ನಡುವೆ ಕಳೆದುಹೋಗಲಿಲ್ಲ.

“ರೀ, ಚಹಾ ಇಡ್ರಿ. ಅವ್ವನ ಬೆಲ್ಲಾನ ಹಾಕ್ರಿ.”

ಚಹಾ ತಂದಿಟ್ಟು, ದೀಪದ ಒಳಗುಟ್ಟನ್ನು ಅತ್ತೆಗೆ ವಿವರಿಸೋಣವೆಂದು ಬಾಯಿ ತೆರೆದೆ.

“ಆಮ್ಯಾಲ ಹೇಳ್ರಿ” ಎಂದರು ಇಬ್ಬರೂ, ಒಂದೇ ಉಸಿರಿಗೆ. “ಇನ್ನೊಂದೀಟು ಚಹಾ ತರ್ರಿ.”

ಒಳಗೆ ಬಂದು ಮತ್ತೆ ಪಾತ್ರೆ ಒಲೆಗಿಟ್ಟೆ. ಆ ರವಿವಾರ ಸಿಟ್ಟಿನಿಂದ ಕಸದ ಬುಟ್ಟಿಗೆ ಎಸೆದಿದ್ದ, ಮಾತಿಲ್ಲದೆ ಬರೀ ಕರೆಂಟು ಒಯ್ಯುವ ಕೇಬಲ್ಲು ಬುಟ್ಟಿ ತಪ್ಪಿ ಅಲ್ಲೇ ಮೂಲೆಯಲ್ಲಿ ಬಿದ್ದಿತ್ತು. ಎತ್ತಿ, ಒರೆಸಿ, ಹಿಟ್ಟಿನ ಡಬ್ಬಿಯ ಹಿಂದೆ ಜೋಪಾನವಾಗಿ ಇಟ್ಟೆ.