ಪಲ್ಲವಿ ದಾಟದ ಹಾಡು

ಗೆಳೆಯರೇ, ಇವತ್ತು ಸಂಜೆ ಶಿರೂರಿನ ಸಾಲೆಯ ಅಂಗಳದಲ್ಲಿ ನಮ್ಮ ಓಣಿಯ ದಸ್ತಗೀರ ತಾನೇ ಕಟ್ಟಿದ ಹಾಡು ಹಾಡಿದ. ದವಾಖಾನೆಗೆ ಬಾಣಂತಿಯರ ಮಂಚ ಕೊಳ್ಳಲು ದುಡ್ಡು ಕೂಡಬೇಕಿತ್ತು. ಪಲ್ಲವಿ ಮುಗಿಯುವಷ್ಟರಲ್ಲಿ ಒಬ್ಬರು ಎದ್ದುಬಂದು ನೋಟು ಕೊಟ್ಟರು. ಹಾಡು ನಿಲ್ಲಿಸಿ ಕೊಟ್ಟವರ ಹೆಸರು ಸಾರುವುದು ನಮ್ಮ ಕಡೆಯ ಪದ್ಧತಿ. ಸಾರಿದ, ಮತ್ತೆ ಪಲ್ಲವಿಯಿಂದ ಹಿಡಿದ. ಅಷ್ಟರಲ್ಲಿ ಇನ್ನೊಬ್ಬರು ಎದ್ದರು. ಹೀಗೇ ಹೊತ್ತು ಮುಳುಗಿತು.

ತಾಳಲಾರದೆ ನಾನೇ ಹೋಗಿ ಐದು ರೂಪಾಯಿ ಅವನ ಕೈಗಿಟ್ಟೆ. "ನನ್ನ ಹೆಸರು ಹೇಳಬ್ಯಾಡೋ ತಮ್ಮಾ, ಹಾಡು ಮುಗಸು."

ಅವನು ತಲೆಯಾಡಿಸಿ ಬ್ಯಾಟರಿ ಮೈಕಿನಲ್ಲಿ ಹೇಳಿದ: "ಹೆಸರು ಹೇಳಬ್ಯಾಡ ಅಂತ ಹೇಳಿದಂಥ ನಮ್ಮ ಗುರಪ್ಪ ಮಾಸ್ತರ ಕಡಿಯಿಂದ ಐದು ರೂಪಾಯಿ ದೇಣಿಗಿ."

ಮಂಚಕ್ಕೆ ಸಾಕಾಗುವಷ್ಟು ಕೂಡಿತು. ಪಲ್ಲವಿಯ ಮುಂದಿನ ನುಡಿ ಏನೆಂದು ಊರಿಗೆ ಇನ್ನೂ ಗೊತ್ತಿಲ್ಲ.